ಗೇಮ್ ಕಟ್ಟೆ: ಗೋಡೆ ಮೇಲೊಂದು ಪರದೆ, ಕೈಯಲ್ಲೊಂದು ಪರದೆ

(ವಿಡಿಯೊ ಗೇಮ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ, ಬೆಂಗಳೂರಿನಲ್ಲಿ ಕನ್ಸೋಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಅಂಕಣಕಾರರ ಉತ್ತರ. ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ್ದು: ಕಂಟ್ರೋಲರಿನಲ್ಲೇ ಇರುವ, ಇಲ್ಲವೇ ಮೊಬೈಲಿನಲ್ಲಿ ತೆರೆದುಕೊಳ್ಳುವ ಎರಡನೇ ಪರದೆ.)

ಪ್ರಶ್ನೆ: ಸರ್, ಜಪಾನಿನಲ್ಲಿ ಕೆಲಸ ಮುಗಿಸಿ ವಾಪಸ್ ಬಂದ ಪರಿಚಯದವರೊಬ್ಬರು ತಮ್ಮ ನಿಂಟೆಂಡೊ ವೀ ಯು (ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್) ಮಾರುತ್ತಿದ್ದಾರೆ. ಕಂಟ್ರೋಲರ್ ನಡುವೆಯೇ ದೊಡ್ಡ ಪರದೆ ಇದೆ, ನೋಡಿದ ಕೂಡಲೇ ಆಸೆಯಾಯಿತು. ಗೆಳೆಯರು ಮಾತ್ರ ‘ಅದು ಫೇಲಾದ ಮಷೀನು, ದುಡ್ಡು ದಂಡ’ ಅನ್ನುತ್ತಾರೆ. ತಗೊಳ್ಳಲೋ ಬೇಡವೋ?
— ಎಂ.ಆರ್., ಮೈಸೂರು

ನಿಮ್ಮ ಆಸೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ದುಡ್ಡು ಕೊಡುವ ಮೊದಲು ಅದರ ಅಡಾಪ್ಟರ್ ತಿರುಗಿಸಿ, ಬೆನ್ನ ಮೇಲಿನ ಸಣ್ಣಕ್ಷರ ಓದಿ. ಜಪಾನಿನ ವೀ ಯು 100 ವೋಲ್ಟಿಗೆ ಮಾಡಿದ್ದು. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230. ಪಿನ್ ಮಾತ್ರ ಬದಲಿಸುವ ಅಗ್ಗದ ಕನ್ವರ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದರೆ ‘ಟಪ್’ ಅಂತ ಒಂದು ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಮುಗಿಯಿತು. ಹೊರದೇಶದಿಂದ ಬಂದು ನನ್ನ ಮೇಜು ಸೇರುವ ಹಳೆ ಮಷೀನುಗಳಲ್ಲಿ ಬಹಳಷ್ಟರ ಕತೆ ಇದೇ. ಕನ್ಸೋಲಿಗೊಂದು, ಗೇಮ್‌ಪ್ಯಾಡಿಗೊಂದು (ನೀವು ಆಸೆಪಟ್ಟ ಪರದೆಯ ಕಂಟ್ರೋಲರ್) ಬೇರೆ ಬೇರೆ ಅಡಾಪ್ಟರ್ ಇರುತ್ತವೆ. ಎರಡಕ್ಕೂ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಮೇಲಾಗಿ ಜಪಾನಿನ ವೀ ಯು ಮೆನು ಇರುವುದು ಜಪಾನಿ ಭಾಷೆಯಲ್ಲಿ ಮಾತ್ರ, ಓದುವುದೂ ಜಪಾನಿನ ಡಿಸ್ಕುಗಳನ್ನು ಮಾತ್ರ. ನಿಮಗೆ ಜಪಾನಿ ಬರುತ್ತದೋ?

ಇನ್ನು ‘ಫೇಲಾದ ಮಷೀನು’ ಎಂಬ ಮಾತು. ಮಾರಾಟದ ಲೆಕ್ಕದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಸರಿ. ಅದಕ್ಕಿಂತ ಹಿಂದಿನ ವೀ 10 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. 2012ರ ನವೆಂಬರಿನಲ್ಲಿ ಬಂದ ವೀ ಯು 1 ಕೋಟಿ 35 ಲಕ್ಷದ ಆಸುಪಾಸಿಗೇ ನಿಂತುಹೋಯಿತು. ಹೆಸರು ಕೇಳಿದ ಎಷ್ಟೋ ಜನ ಇದು ಹಳೆ ವೀಗೆ ಸಿಕ್ಕಿಸುವ ಹೊಸ ಕಂಟ್ರೋಲರ್ ಅಂದುಕೊಂಡರು. ಅದೊಂದು ಕಾರಣ. ಇನ್ನೊಂದು ಕಾರಣ ಆ ಪರದೆಯೇ.

ಒಂದು ವಿಚಿತ್ರ ನೋಡಿ. ಇದೇ ಕಂಪನಿಯ, ಕೈಯಲ್ಲೇ ಹಿಡಿದು ಆಡುವ ನಿಂಟೆಂಡೊ ಡಿಎಸ್ ಕೂಡ ಎರಡು ಪರದೆಯದ್ದೇ. 2004ರಲ್ಲಿ ಬಂದ ಅದು 15 ಕೋಟಿ ದಾಟಿತು. ಅಲ್ಲಿ ಗೆದ್ದ ಎರಡು ಪರದೆ ಇಲ್ಲಿ ಯಾಕೆ ಸೋತಿತು? ಡಿಎಸ್‌ನಲ್ಲಿ ಎರಡೂ ಪರದೆ ಒಂದರ ಕೆಳಗೊಂದು, ಕಣ್ಣಿನಿಂದ ಒಂದೇ ದೂರ. ಕಣ್ಣುಗುಡ್ಡೆ ಚೂರು ಕೆಳಗಿಳಿದರೆ ಸಾಕು. ವೀ ಯುನಲ್ಲಿ ಟಿವಿ ಹಾಲಿನ ಆ ಗೋಡೆಯಲ್ಲಿ, ಗೇಮ್‌ಪ್ಯಾಡ್ ತೊಡೆಯ ಮೇಲೆ. ಕತ್ತು ಬಗ್ಗಬೇಕು, ಕಣ್ಣು ದೂರದಿಂದ ಹತ್ತಿರಕ್ಕೆ ಫೋಕಸ್ ಬದಲಿಸಬೇಕು, ತಿರುಗಿ ಮೇಲೆ ನೋಡಬೇಕು. ಅಷ್ಟರಲ್ಲಿ ಆಟದಲ್ಲಿ ಏನೋ ಆಗಿಹೋಗಿರುತ್ತದೆ. 2016ರ ಸ್ಟಾರ್ ಫಾಕ್ಸ್ ಝೀರೊದಲ್ಲಿ ಟಿವಿಯಲ್ಲಿ ವಿಮಾನದ ಹೊರನೋಟ, ಕೈಯಲ್ಲಿ ಕಾಕ್‌ಪಿಟ್ಟಿನ ಒಳನೋಟ. ವೈರಿ ಬೆನ್ನಟ್ಟಿರುವಾಗ ಎರಡನ್ನೂ ನೋಡು ಅಂದರೆ ನೋಡುವುದೆಲ್ಲಿ? ಕೊನೆಗೆ ನಿಂಟೆಂಡೊದವರಿಗೇ ಇದು ಅರ್ಥವಾಯಿತು. 2017ರ ಝೆಲ್ಡಾ, ಅಂದರೆ ಬ್ರೆತ್ ಆಫ್ ದಿ ವೈಲ್ಡ್, ವೀ ಯುಗೆಂದೇ ಶುರುವಾದ ಆಟ. ಪರದೆಯಿಂದ ಪರದೆಗೆ ಕಣ್ಣು ಹೊರಳಿಸುವುದು ಆಟಕ್ಕೆ ಅಡ್ಡಿಯೆಂದು ನಿರ್ಮಾಪಕ ಐಜಿ ಅಓನುಮಾ ಅದರ ಗೇಮ್‌ಪ್ಯಾಡ್ ಸೌಲಭ್ಯಗಳನ್ನೇ ತೆಗೆಸಿಬಿಟ್ಟರು.

ಹಾಗಂತ ಆ ಪರದೆಯನ್ನು ದಂಡ ಅನ್ನಲು ನನಗೆ ಮನಸ್ಸಿಲ್ಲ. ನಿಂಟೆಂಡೊ ಲ್ಯಾಂಡ್ ಡಿಸ್ಕಿನಲ್ಲಿ ಲುಯಿಜಿಯ ಭೂತಬಂಗಲೆಯ ಆಟವಿದೆ. ಗೇಮ್‌ಪ್ಯಾಡ್ ಹಿಡಿದವನೇ ಭೂತ. ಅವನ ಕೈಪರದೆಯಲ್ಲಿ ಇಡೀ ಬಂಗಲೆ ಕಾಣುತ್ತದೆ. ಟಿವಿ ನೋಡುವ ಉಳಿದವರಿಗೆ ಭೂತ ಕಾಣುವುದೇ ಇಲ್ಲ. ಹತ್ತಿರ ಬಂದಾಗ ಅವರ ಕೈಯ ರಿಮೋಟ್ ಗುರ್ರೆನ್ನುತ್ತದೆ, ಅಷ್ಟೇ ಸುಳಿವು. ‘ನನ್ನ ಹತ್ತಿರ ಇದೆ’, ‘ಇಲ್ಲ, ಇಲ್ಲಿದೆ’ ಅಂತ ನಾಲ್ವರು ಕೂಗಾಡುತ್ತಿದ್ದರೆ ಭೂತದವನು ತುಟಿ ಕಚ್ಚಿ ನಗು ತಡೆದು ಕೂತಿರುತ್ತಾನೆ. ಒಂದೇ ಟಿವಿಯಲ್ಲಿ ಇಂಥ ಆಟ ಕಟ್ಟುವುದು ಸಾಧ್ಯವೇ ಇಲ್ಲ. ನನ್ನ ಅಭಿಪ್ರಾಯ ಇಷ್ಟು: ಎರಡನೇ ಪರದೆಗೆ ಬೆಲೆ ಬರುವುದು ಅದು ಗುಟ್ಟು ಇಟ್ಟುಕೊಂಡಾಗ. ಬ್ಯಾಗು, ಮ್ಯಾಪು, ಮದ್ದುಗುಂಡಿನ ಲೆಕ್ಕ ತೋರಿಸುವುದಕ್ಕೆ ಅದು ಬೇಕಾಗಿಲ್ಲ. ಟಿವಿಯ ಮೂಲೆಯಲ್ಲಿ ಅದಕ್ಕೆ ಜಾಗ ಇದ್ದೇ ಇದೆ. ಇದಕ್ಕೊಂದು ಅಪವಾದ ಯೂಬಿಸಾಫ್ಟ್‌ನ ಝಾಂಬಿ ಯು. ಅದರಲ್ಲಿ ಬ್ಯಾಗು ಕೈಪರದೆಯಲ್ಲಿ ತೆರೆಯುತ್ತದೆ, ಆಟ ಮಾತ್ರ ನಿಲ್ಲುವುದಿಲ್ಲ. ತಲೆ ತಗ್ಗಿಸಿ ಗುಂಡು ಹುಡುಕುತ್ತಿರುವಾಗಲೇ ಹಿಂದಿನಿಂದ ಬಂದು ಕಚ್ಚುತ್ತವೆ. ತಲೆ ತಗ್ಗಿಸುವುದನ್ನೇ ಭಯವಾಗಿ ಮಾಡಿಕೊಂಡ ಜಾಣತನ ಅದು.

ನಮ್ಮ ಮನೆಗಳಿಗೆ ಇನ್ನೊಂದು ಲಾಭ ಹೇಳಲೇಬೇಕು. ಸಂಜೆ ಏಳಾದರೆ ಟಿವಿ ಧಾರಾವಾಹಿಯ ಪಾಲು. ವೀ ಯುನ ಬಹಳಷ್ಟು ಆಟಗಳನ್ನು ಟಿವಿ ಬಿಟ್ಟುಕೊಟ್ಟು ಗೇಮ್‌ಪ್ಯಾಡಿನ 6.2 ಇಂಚಿನ ಪರದೆಯಲ್ಲೇ ಆಡಬಹುದು. ಜಗಳವಿಲ್ಲ. ಕನ್ಸೋಲ್ ಇರುವ ಕೋಣೆಯಿಂದ ದೂರ ಹೋದರೆ ಚಿತ್ರ ಒಡೆಯುತ್ತದೆ, ನಡುವೆ ಕಾಂಕ್ರೀಟ್ ಗೋಡೆ ಬಂದರಂತೂ ಕೇಳಲೇಬೇಡಿ. ಆದರೂ ಅದೇ ಕೋಣೆಯ ಮೂಲೆಯಲ್ಲಿ ಕೂತು ಆಡಲು ಅಡ್ಡಿಯಿಲ್ಲ. ಈ ಲಾಭವನ್ನೇ ಕಂಪನಿ ಆಮೇಲೆ ಹಿಗ್ಗಿಸಿ 2017ರಲ್ಲಿ ‘ಸ್ವಿಚ್’ ಎಂಬ ಕನ್ಸೋಲ್ ಮಾಡಿತು ಎಂಬುದು ನನ್ನ ಅನಿಸಿಕೆ.

ತಗೊಳ್ಳುವುದೇ ಆದರೆ ನೋಡಬೇಕಾದ್ದು: ಕನ್ಸೋಲಿಗಿಂತ ಮೊದಲು ಗೇಮ್‌ಪ್ಯಾಡ್. ಅದು ಕೆಟ್ಟರೆ ಸೆಟ್ಟಿಂಗ್ಸ್ ತೆರೆಯುವುದೇ ಪಾಡು, ಬೇರೆ ದೇಶದ ಗೇಮ್‌ಪ್ಯಾಡ್ ಸಲೀಸಾಗಿ ಜೋಡಿಯಾಗುವುದೂ ಇಲ್ಲ. ಹಿಂಬದಿಯ ಬ್ಯಾಟರಿ ಮುಚ್ಚಳ ಬಿಚ್ಚಿಸಿ ನೋಡಿ. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಮುಚ್ಚಳ ಸಮನಾಗಿ ಕೂರದಿದ್ದರೆ ಚಾರ್ಜಿಗೆ ಹಾಕಬೇಡಿ. ಹೊಸದಾಗಿದ್ದಾಗಲೇ ಆ 1500 ಎಂಎಎಚ್ ಬ್ಯಾಟರಿ ಮೂರರಿಂದ ಐದು ಗಂಟೆ ಬರುತ್ತಿತ್ತು. ಪರದೆಯ ನಾಲ್ಕೂ ಮೂಲೆಯನ್ನು ಸ್ಟೈಲಸ್‌ನಿಂದ ಒತ್ತಿ ನೋಡಿ. ಇದು ಮೊಬೈಲಿನಂಥ ಟಚ್ ಅಲ್ಲ, ಒತ್ತಿದರೆ ಮಾತ್ರ ಕೇಳುವಂಥದ್ದು. ವರ್ಷಗಟ್ಟಲೆ ಆನ್ ಮಾಡದೆ ಇಟ್ಟ ಕೆಲವು ವೀ ಯುಗಳಲ್ಲಿ ಒಳಗಿನ ಮೆಮೊರಿ ಕೈಕೊಟ್ಟು 160-0103 ಎಂಬ ಎರರ್ ಬರುತ್ತದೆ, ಹಾಗಾಗಿ ಕಣ್ಣೆದುರೇ ಆನ್ ಮಾಡಿಸಿ. ಕಂಪನಿಯ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿತು, ಆನ್‌ಲೈನ್ ಆಟ 2024ರ ಏಪ್ರಿಲ್‌ನಲ್ಲಿ ನಿಂತಿತು. ಡಿಸ್ಕುಗಳು ಜೊತೆಗೇ ಬರುತ್ತವೋ ಕೇಳಿ. ಜಪಾನಿ ಬಾರದವರಿಗೆ ನನ್ನ ಸಲಹೆ: ಇದನ್ನು ಬಿಡಿ, ಅಮೆರಿಕದ್ದೋ ಯೂರೋಪಿನದ್ದೋ ಸಿಗುವ ತನಕ ಕಾಯಿರಿ. ಯೂರೋಪಿನದ್ದಾದರೆ ಟ್ರಾನ್ಸ್‌ಫಾರ್ಮರ್ ಗೊಡವೆಯೂ ಇಲ್ಲ.

ಪ್ರಶ್ನೆ: ವೀ ಯುಗಿಂತ ಮೊದಲು ಕಂಟ್ರೋಲರಿಗೆ ಪರದೆ ಇಟ್ಟವರು ಯಾರೂ ಇರಲಿಲ್ಲವೇ?
— ಎಸ್.ಬಿ., ಕಲಬುರಗಿ

ಇದ್ದರು. ಸೆಗಾ ಕಂಪನಿಯವರ ಡ್ರೀಮ್‌ಕಾಸ್ಟ್ ಕನ್ಸೋಲ್ ಜಪಾನಿನಲ್ಲಿ 1998ರ ನವೆಂಬರಿನಲ್ಲಿ ಬಂತು. ಅದರ ಕಂಟ್ರೋಲರಿನ ಎದೆಯಲ್ಲೊಂದು ಕಿಟಕಿ. ಅಲ್ಲಿ ವಿಎಂಯು ಎಂಬ ಮೆಮೊರಿ ಕಾರ್ಡ್ ಕೂರಿಸಿದರೆ ಅದರ ಪುಟ್ಟ ಕಪ್ಪು-ಬಿಳುಪು ಪರದೆ ಇಣುಕುತ್ತಿತ್ತು. ಅಡ್ಡಕ್ಕೆ 48, ಉದ್ದಕ್ಕೆ 32 ಚುಕ್ಕೆ, ಅಷ್ಟೇ ಅದರ ಐಶ್ವರ್ಯ. ರೆಸಿಡೆಂಟ್ ಈವಿಲ್ ಕೋಡ್ ವೆರೋನಿಕಾ ಆಡುವಾಗ ನಾಯಕಿಯ ಆರೋಗ್ಯ ಅದರಲ್ಲಿ ಕಾಣುತ್ತಿತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ 2ಕೆ: ಮುಂದಿನ ಪಟ್ಟು ಯಾವುದೆಂದು ಆ ಚಿಕ್ಕ ಪರದೆಯಲ್ಲೇ ಆರಿಸಬಹುದು, ಪಕ್ಕದಲ್ಲಿ ಕೂತ ಎದುರಾಳಿಗೆ ಗೊತ್ತಾಗುವುದಿಲ್ಲ. ನೋಡಿ, ಮತ್ತೆ ಗುಟ್ಟೇ. ವಿಎಂಯು ಒಳಗೆ ಎರಡು ಸಿಆರ್2032 ಬಟನ್ ಸೆಲ್. ಅವು ಬಲುಬೇಗ ಖಾಲಿಯಾಗುತ್ತಿದ್ದವು, ಆಮೇಲೆ ಕಂಟ್ರೋಲರ್ ಪ್ರತಿ ಸಲ ಆನ್ ಮಾಡಿದಾಗಲೂ ‘ಕುಂಯ್’ ಎಂದು ಕಿರುಚುತ್ತಿತ್ತು. ಇಂದಿಗೂ ಡ್ರೀಮ್‌ಕಾಸ್ಟ್ ಹೊತ್ತು ತರುವವರು ‘ಸರ್, ಸದ್ದು ಬರ್ತಿದೆ, ಕೆಟ್ಟಿದೆಯಾ?’ ಅಂತ ಕೇಳುತ್ತಾರೆ. ಕೆಟ್ಟಿಲ್ಲ, ಸೆಲ್ ಹಾಕಿಸಿ.

ನಿಂಟೆಂಡೊದವರು ತಮ್ಮ ಟಿವಿ ಕನ್ಸೋಲ್ ಗೇಮ್‌ಕ್ಯೂಬಿಗೆ, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್ ಅನ್ನು ಕೇಬಲ್ಲಿನಿಂದ ಜೋಡಿಸಿ ಇದೇ ಪ್ರಯೋಗ ಮಾಡಿದರು. 2003ರ ಪ್ಯಾಕ್-ಮ್ಯಾನ್ ವರ್ಸಸ್‌ನಲ್ಲಿ ಗೇಮ್‌ಬಾಯ್ ಹಿಡಿದ ಒಬ್ಬನಿಗೆ ಇಡೀ ಚಕ್ರವ್ಯೂಹ ಕಾಣುತ್ತದೆ. ಟಿವಿ ನೋಡುವ ಮೂವರು ಭೂತಗಳಿಗೆ ತಮ್ಮ ಸುತ್ತಲಿನ ಜಾಗವಷ್ಟೇ. ಒಂದು ಗೇಮ್‌ಬಾಯ್, ಒಂದು ಕೇಬಲ್ ಸಾಕಾಗುವ ಆಟ ಅದು. ಅದರ ಮರುವರ್ಷದ ಝೆಲ್ಡಾ ಫೋರ್ ಸೋರ್ಡ್ಸ್ ಅಡ್ವೆಂಚರ್ಸ್ ನಾಲ್ವರು ಆಡಬೇಕೆಂದರೆ ನಾಲ್ಕು ಗೇಮ್‌ಬಾಯ್, ನಾಲ್ಕು ಕೇಬಲ್. ಅಷ್ಟು ಸಾಮಾನು ಯಾರ ಮನೆಯಲ್ಲಿತ್ತು? ಎರಡನೇ ಪರದೆಗೆ ಅಂಟಿಕೊಂಡೇ ಬಂದ ಶಾಪ ಇದು: ಬುದ್ಧಿ ಚೆನ್ನಾಗಿತ್ತು, ಜೇಬಿಗೆ ಭಾರವಾಯಿತು.

ಪ್ರಶ್ನೆ: ನನಗೆ 54 ವರ್ಷ, ಬೈಫೋಕಲ್ ಕನ್ನಡಕ. ನಿವೃತ್ತಿಗೆ ಮೊದಲೇ ಯೂರೋ ಟ್ರಕ್ ಸಿಮ್ಯುಲೇಟರ್ ಹುಚ್ಚು ಹಿಡಿದಿದೆ. ಮಗ ಹಳೆಯ ಟ್ಯಾಬ್ಲೆಟ್ಟನ್ನು ಲಾರಿಯ ಡ್ಯಾಶ್‌ಬೋರ್ಡ್ ಮಾಡಿಕೊಟ್ಟ. ಚೆನ್ನಾಗಿದೆ, ಆದರೆ ಅರ್ಧ ಗಂಟೆಗೆ ಹಣೆ ಸಿಡಿಯುತ್ತದೆ. ಆಗಾಗ ಟ್ಯಾಬ್ಲೆಟ್ ಸಂಪರ್ಕವೂ ಕಡಿದುಹೋಗುತ್ತದೆ.
— ಕೆ.ಎಸ್., ದಾವಣಗೆರೆ

ನಿಮ್ಮ ಮಗ ಜಾಣ. ಎರಡನೇ ಪರದೆ ಈಗ ನಿಜಕ್ಕೂ ಬದುಕಿರುವುದು ಲಾರಿ, ಕಾರು, ವಿಮಾನದ ಸಿಮ್ಯುಲೇಟರುಗಳಲ್ಲಿ. ಗುಟ್ಟಿಲ್ಲದಿದ್ದರೂ ಅಲ್ಲಿ ಅದು ಒಪ್ಪುತ್ತದೆ. ನಿಜವಾದ ಲಾರಿ ಓಡಿಸುವವರೂ ಸ್ಪೀಡೋಮೀಟರ್ ಕಡೆ ಕಣ್ಣು ಹಾಯಿಸಿ ರಸ್ತೆ ನೋಡುತ್ತಾರಲ್ಲ. ಯಾವಾಗ ನೋಡಬೇಕು ಎಂಬುದು ಓಡಿಸುವವರ ಕೈಯಲ್ಲಿದೆ, ಆಟ ಬಲವಂತ ಮಾಡುವುದಿಲ್ಲ.

ನಿಮ್ಮ ತೊಂದರೆ ಟ್ಯಾಬ್ಲೆಟ್ ಇಟ್ಟ ಜಾಗದ್ದು ಅನಿಸುತ್ತದೆ. ಬೈಫೋಕಲ್ಲಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಪುಸ್ತಕದಷ್ಟು ಹತ್ತಿರಕ್ಕೆ. ಮಾನಿಟರ್ ಇರುವುದು ಇವೆರಡರ ನಡುವಿನ ದೂರದಲ್ಲಿ, ಟ್ಯಾಬ್ಲೆಟ್ ಮೇಜಿನ ಮೇಲೆ ಮಲಗಿದೆ. ನೀವು ಗದ್ದ ಎತ್ತಿ ಇಳಿಸಿ, ಎತ್ತಿ ಇಳಿಸಿ ಆಡುತ್ತಿದ್ದೀರಿ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಟ್ಟಿಯಾಗುತ್ತ ಹೋಗುತ್ತದೆ, ದೂರದಿಂದ ಹತ್ತಿರಕ್ಕೆ ಫೋಕಸ್ ಬದಲಿಸುವುದು ಹುಡುಗರಷ್ಟು ಸಲೀಸಲ್ಲ. ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮಾನಿಟರಿನ ಕೆಳ ಅಂಚಿಗೆ ತಾಗಿದಂತೆ, ಮಾನಿಟರಿನಷ್ಟೇ ದೂರದಲ್ಲಿ ನಿಲ್ಲಿಸಿ. ಎರಡರ ಬೆಳಕೂ ಹೆಚ್ಚುಕಡಿಮೆ ಸಮ ಇರಲಿ. ಅಂಕಿಗಳನ್ನು ದೊಡ್ಡದು ಮಾಡಿ. ವೇಗ, ಡೀಸೆಲ್, ಉಳಿದ ದೂರ, ವಿಶ್ರಾಂತಿಗೆ ಉಳಿದ ಹೊತ್ತು ಇಷ್ಟಿದ್ದರೆ ಬೇಕಾದಷ್ಟಾಯಿತು. ಕಂಪ್ಯೂಟರ್ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಬಹುದು, ಕಣ್ಣಿನ ಡಾಕ್ಟರನ್ನು ಕೇಳಿ. ಇಷ್ಟೆಲ್ಲ ಮಾಡಿದರೂ ತಲೆನೋವು ಬಂದರೆ ಆಗಂತೂ ಅವರನ್ನೇ ಕಾಣಬೇಕು.

ಸಂಪರ್ಕ ಕಡಿಯುವುದರ ಬಗ್ಗೆ: ಮಗ ಬಹುಶಃ ಸಿಮ್‌ಹಬ್ ಹಾಕಿರಬೇಕು. ಅದು ಕಂಪ್ಯೂಟರಿನಲ್ಲಿ ಕೂತು ಆಟದಿಂದ ಅಂಕಿಅಂಶ ತೆಗೆದುಕೊಂಡು, 8888ನೇ ಪೋರ್ಟಿನ ಮೂಲಕ ಟ್ಯಾಬ್ಲೆಟ್ಟಿನ ಬ್ರೌಸರಿಗೆ ಕಳಿಸುತ್ತದೆ. ಎರಡೂ ಒಂದೇ ವೈಫೈನಲ್ಲಿ ಇರಬೇಕು. ಟ್ಯಾಬ್ಲೆಟ್ ‘ಗೆಸ್ಟ್’ ನೆಟ್‌ವರ್ಕಿಗೆ ಸೇರಿಕೊಂಡಿದ್ದರೆ ರೂಟರ್ ಇವೆರಡನ್ನೂ ಮಾತಾಡಲು ಬಿಡುವುದಿಲ್ಲ. ನಿಮ್ಮ ಕಡೆ ಕರೆಂಟ್ ಹೋಗಿ ಬಂದಾಗ ಇನ್ವರ್ಟರ್ ಕಂಪ್ಯೂಟರನ್ನು ಹಿಡಿದುಕೊಳ್ಳುತ್ತದೆ, ರೂಟರ್ ಮಾತ್ರ ಆಫಾಗಿ ಆನ್ ಆಗುತ್ತದೆ. ಆಗ ಕಂಪ್ಯೂಟರಿನ ಐಪಿ ವಿಳಾಸ ಬದಲಾಗಿ ಟ್ಯಾಬ್ಲೆಟ್ ಹಳೆ ವಿಳಾಸವನ್ನೇ ಹುಡುಕುತ್ತ ಕೂರುತ್ತದೆ. ರೂಟರಿನಲ್ಲಿ ಕಂಪ್ಯೂಟರಿಗೆ ಖಾಯಂ ಐಪಿ ಕೊಡಿಸಿ, ರೂಟರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ.

ಪ್ರಶ್ನೆ: ಹತ್ತು ವರ್ಷ ಹಳೆಯ ಆಟದ ಡಿಸ್ಕ್ ತಂದೆ. ಡಬ್ಬದ ಮೇಲೆ ‘ಮೊಬೈಲ್ ಆ್ಯಪ್ ಜೊತೆ ಆಡಿ’ ಅಂತಿದೆ. ಆ್ಯಪ್ ಎಲ್ಲೂ ಸಿಗುತ್ತಿಲ್ಲ.
— ಹೆಸರು ಬೇಡ, ಶಿರಸಿ

ಸಿಗದಿದ್ದರೂ ಚಿಂತೆಯಿಲ್ಲ, ಆಟ ಅದಿಲ್ಲದೆಯೂ ನಡೆಯುತ್ತದೆ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಕನ್ಸೋಲಿಗೆ ಸ್ಮಾರ್ಟ್‌ಗ್ಲಾಸ್ (ಮೊಬೈಲನ್ನು ಎರಡನೇ ಪರದೆ ಮಾಡುವ ಆ್ಯಪ್) ತಂದ ಮೇಲೆ ಎರಡು-ಮೂರು ವರ್ಷ ಎಲ್ಲ ದೊಡ್ಡ ಆಟಕ್ಕೂ ಒಂದು ಆ್ಯಪ್ ಬಾಲ ಕಟ್ಟುವ ಖಯಾಲಿ ಇತ್ತು. ಹೆಚ್ಚಿನವು ಮ್ಯಾಪ್ ತೋರಿಸುವವೇ. ಬ್ಯಾಟಲ್‌ಫೀಲ್ಡ್ 4 ಮಾತ್ರ ಟ್ಯಾಬ್ಲೆಟ್ ಹಿಡಿದವನನ್ನು ಪಡೆಯ ಕಮಾಂಡರ್ ಮಾಡಿ, ಅವನಿಗೇ ಬೇರೆ ಆಟ ಕೊಟ್ಟಿತು. 2015ರ ಫಾಲ್‌ಔಟ್ 4ರ ದುಬಾರಿ ಡಬ್ಬದಲ್ಲಿ ಕೈಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಪಿಪ್-ಬಾಯ್ (ಆಟದೊಳಗಿನ ಕೈ-ಕಂಪ್ಯೂಟರಿನ ನಕಲು) ಇತ್ತು. ಮೊಬೈಲನ್ನು ಅದರೊಳಗೆ ತುರುಕಬೇಕು. ಆಗಿನ ದೊಡ್ಡ ಫೋನುಗಳೇ ಹಿಡಿಸುತ್ತಿರಲಿಲ್ಲ, ಇಂದಿನವಂತೂ ದೂರದ ಮಾತು. ಡಿಸ್ಕ್ ಇಪ್ಪತ್ತು ವರ್ಷ ಬಾಳುತ್ತದೆ. ಆ್ಯಪ್ ಮಾತ್ರ ಫೋನಿನ ಹೊಸ ಓಎಸ್ ಬಂದಂತೆಲ್ಲ ಯಾರಾದರೂ ಕೂತು ತಿದ್ದುತ್ತಿದ್ದರಷ್ಟೇ ಬಾಳುತ್ತದೆ. ಯಾವುದೋ ಸೈಟಿನಿಂದ ಹಳೆ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಇಳಿಸಿ ಹಾಕುವ ಸಾಹಸ ಬೇಡ, ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ.

ಪ್ರಶ್ನೆ: ಅಣ್ಣಾ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಇಪ್ಪತ್ತೆಂಟು ಇಸ್ಪೀಟಾಟವನ್ನು ಟಿವಿಯಲ್ಲಿ ಆಡುವಂತೆ ಮಾಡುತ್ತಿದ್ದೇವೆ. ಎಲ್ಲರ ಮೊಬೈಲೇ ಕಂಟ್ರೋಲರ್. ಗೈಡ್ ‘ಇದರಲ್ಲಿ ಹೊಸತೇನಿದೆ, ಸುಮ್ಮನೆ ಮೊಬೈಲಿನಲ್ಲೇ ಆಡಬಹುದಲ್ಲ’ ಅನ್ನುತ್ತಾರೆ.
— ಪಿ.ಆರ್., ಪುತ್ತೂರು

ಗೈಡ್ ಅವರಿಗೆ ನನ್ನ ನಮಸ್ಕಾರ ತಿಳಿಸು. ಈ ಆಟಕ್ಕಿಂತ ಎರಡನೇ ಪರದೆಗೆ ಹೊಂದುವ ಆಟ ಹುಡುಕಿದರೂ ಸಿಗಲಿಕ್ಕಿಲ್ಲ. ಓದುಗರಿಗಾಗಿ ಎರಡು ಮಾತು: 32 ಎಲೆ, ನಾಲ್ವರು, ಎದುರು ಬದುರು ಕೂತವರು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1, ಒಟ್ಟು 28. ಮೊದಲ ನಾಲ್ಕು ಎಲೆ ನೋಡಿ ಕೂಗಬೇಕು. ಹೆಚ್ಚು ಕೂಗಿದವನು ತುರುಪು ಆರಿಸಿ ಆ ಎಲೆ ಬೋರಲು ಇಡುತ್ತಾನೆ. ಅದು ಯಾವುದೆಂದು ಅವನ ಜೋಡಿಗೂ ಗೊತ್ತಿಲ್ಲ.

ಅಂದರೆ ಕೈಯಲ್ಲಿ ಗುಟ್ಟು, ಮೇಜಿನ ಮೇಲೆ ಬಯಲು. ಮೊಬೈಲ್ ಕೈಯಾಗುತ್ತದೆ, ಟಿವಿ ಮೇಜಾಗುತ್ತದೆ. ನಾಲ್ಕು ಮೊಬೈಲಿನಲ್ಲೇ ಆಡಿದರೆ ನಾಲ್ವರೂ ತಲೆ ತಗ್ಗಿಸಿ ಕೂರುತ್ತಾರೆ. ಟಿವಿ ಇದ್ದರೆ ಎಲೆ ಬಿದ್ದಾಗ ಎಲ್ಲರೂ ತಲೆ ಎತ್ತುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜೋಡಿಗೆ ಕಣ್ಣು ಮಿಟುಕಿಸಿ ಸನ್ನೆ ಮಾಡುವುದನ್ನು ನಿಮ್ಮ ಸಾಫ್ಟ್‌ವೇರ್ ತಡೆಯಲಾರದು. ತಡೆಯಲೂಬೇಡಿ, ಅರ್ಧ ಮಜಾ ಅಲ್ಲೇ ಇರುವುದು. ಅಡುಗೆಮನೆ ಬಾಗಿಲಲ್ಲಿ ನಿಂತು ‘ಅಯ್ಯೋ, ಗುಲಾಮ ಯಾಕೆ ಹಾಕಿದೆ?’ ಅನ್ನುವ ಅತ್ತೆಗೂ ಟಿವಿ ಇದ್ದರೆ ಆಟ ಕಾಣುತ್ತದೆ.

ಜಾಕ್‌ಬಾಕ್ಸ್‌ನವರ ಪಾರ್ಟಿ ಪ್ಯಾಕ್‌ಗಳನ್ನು ನೋಡಿದ್ದೀಯಾ? 2014ರಿಂದ ಬರುತ್ತಿವೆ. ಆಟ ಕೊಳ್ಳುವವರು ಒಬ್ಬರೇ. ಉಳಿದವರು ಬ್ರೌಸರ್ ತೆರೆದು ಟಿವಿ ಮೇಲಿನ ನಾಲ್ಕಕ್ಷರದ ಕೋಡ್ ಒತ್ತಿದರೆ ಸೇರಿಕೊಂಡರು. ಆ್ಯಪ್ ಇಳಿಸು ಅನ್ನುವುದೇ ಇಲ್ಲ. ನೀವೂ ಹಾಗೇ ಮಾಡಿ. ನಾಲ್ಕು ಗೇಮ್‌ಬಾಯ್ ಹೊಂದಿಸಲಾಗದೆ ಸೋತ ಉಪಾಯ, ಎಲ್ಲರ ಜೇಬಲ್ಲೂ ಪರದೆ ಬಂದ ಮೇಲೆ ಗೆದ್ದಿತು. ಮೊಬೈಲಿನಿಂದ ಟಿವಿಗೆ ಹೋಗುವ ಒಂದಿಷ್ಟು ತಡ ಇಸ್ಪೀಟಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ ರೇಸ್ ಮಾಡಲು ಹೋಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಅಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಮನೆಯ ವೈಫೈ ಆ ವೇಗಕ್ಕೆ ಒಂದೇ ಹದದಲ್ಲಿ ಸ್ಪಂದಿಸುವುದಿಲ್ಲ. ಮೇಲಾಗಿ ಗಾಜಿನ ಮೇಲೆ ಬರೆದ ಬಟನ್ ಬೆರಳಿಗೆ ಸಿಗುವುದಿಲ್ಲ. ಎಲ್ಲಿದೆ ಎಂದು ನೋಡಲು ತಲೆ ತಗ್ಗಿಸಲೇಬೇಕು.

ನಮ್ಮ ಊರಿನ ತಾಪತ್ರಯ ಬೇರೆ ಇದೆ. ಆಟದ ನಡುವೆ ಯಾರಿಗಾದರೂ ಫೋನ್ ಬಂದೇ ಬರುತ್ತದೆ. ಎತ್ತಿ ಮಾತಾಡಿ ಮುಗಿಸುವಷ್ಟರಲ್ಲಿ ಬ್ರೌಸರ್ ಮಲಗಿ, ಸಂಪರ್ಕ ಹರಿದಿರುತ್ತದೆ. ವಾಪಸ್ ಬಂದಾಗ ಅವನಿಗೆ ಅದೇ ಜಾಗ, ಅದೇ ಎಲೆ ಸಿಗಬೇಕು. ಎಲೆಗಳ ಲೆಕ್ಕ ಫೋನಿನಲ್ಲಿ ಇಡಬೇಡಿ, ಆಟ ನಡೆಸುವ ಕಂಪ್ಯೂಟರಿನಲ್ಲಿ ಇರಲಿ. ‘ನಿನ್ನ ಸರದಿ’ ಅಂತ ಹೇಳಲು ಫೋನನ್ನು ಗುರ್ರೆನ್ನಿಸುವ ಯೋಚನೆ ಇದ್ದರೆ, ಐಫೋನಿನ ಸಫಾರಿಯಲ್ಲಿ ಆ ಸೌಲಭ್ಯವಿಲ್ಲ; ಟಿವಿಯಿಂದಲೇ ಒಂದು ಸದ್ದು ಬರಲಿ. ಎಲೆಗಳ ಬೆಳಕು ಕಡಿಮೆ ಇರಲಿ, ಇಲ್ಲದಿದ್ದರೆ ಕತ್ತಲೆ ಹಾಲಿನಲ್ಲಿ ಕೆಂಪು ಎಲೆಯ ಹೊಳಪು ಕನ್ನಡಕದಲ್ಲಿ ಕಾಣಿಸಿ ಗುಟ್ಟು ರಟ್ಟಾಗುತ್ತದೆ. ಕಾಲೇಜಿನ ವೈಫೈನಲ್ಲಿ ಡೆಮೊ ಕೊಡಲು ಹೋಗಬೇಡ, ಅಂಥ ಕಡೆ ಸಾಮಾನ್ಯವಾಗಿ ಒಂದು ಫೋನಿಗೆ ಇನ್ನೊಂದು ಕಾಣದ ಹಾಗೆ ಮಾಡಿರುತ್ತಾರೆ. ನಿನ್ನದೇ ಒಂದು ಹಳೆ ರೂಟರ್ ಜೊತೆಗೆ ಒಯ್ಯಿ. ಗೈಡ್ ಅವರನ್ನೂ ಒಂದು ಕೈ ಆಡಲು ಕೂರಿಸು, ತುರುಪು ಅವರೇ ಇಡಲಿ.